ವಂಶದ ಲೆಕ್ಕ ಮತ್ತು ದವಡೆಯ ಗಡ್ಡೆ

ಸುಗ್ಗಿ ಮುಗಿದು ಕಾಳುಕಡಿ ಮನೆ ಸೇರಿದ ಮೇಲೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಎತ್ತಿನ ಮೇಲೆ ಕುಳಿತು ಬಂದ ಹೆಳವನು ಒಕ್ಕಲಿನ ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ತೊಡಗಿ ಅಂಗಳದಲ್ಲಿ ಆಡುತ್ತಿರುವ ಮೊಮ್ಮಗನವರೆಗೆ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳು ಪಡೆದು, ಮುಂದಿನ ಊರಿಗೆ ಹೋಗುತ್ತಾನೆ. ಅವನ ಲೆಕ್ಕದಲ್ಲಿ ಯಾರು ಯಾರ ಮಗನೆಂಬುದುಂಟು; ಮನೆತನವು ಯಾವ ಊರನ್ನು ಬಿಟ್ಟು ಯಾವ ಊರಿಗೆ ಬಂದಿತೆಂಬುದುಂಟು. ಗಂಡುಸಂತಾನದ ಎಳೆಯೇ ಅದರಲ್ಲಿ ಮುಖ್ಯ. ಯಾರು ಯಾವ ಬೇನೆಯಿಂದ ನರಳಿದರೆಂಬುದು ಮಾತ್ರ ಅದರಲ್ಲಿ ಇರುವುದಿಲ್ಲ.

ಇಂದಿನ ವೈದ್ಯನು ಕೆಲವು ರೋಗಗಳ ಸಂದರ್ಭದಲ್ಲಿ ಹೆಳವನ ಕೆಲಸವನ್ನೇ ಮಾಡಬೇಕಾಗುತ್ತದೆ. ರೋಗಿಯನ್ನು ಎದುರಿಗೆ ಕುಳ್ಳಿರಿಸಿಕೊಂಡು ಅವನ ತಂದೆತಾಯಿ, ಅಜ್ಜ ಅಜ್ಜಿ, ಸೋದರಮಾವ, ಚಿಕ್ಕಮ್ಮ, ಅವರ ಮಕ್ಕಳು ಇವರೆಲ್ಲರನ್ನೂ ಒಂದು ಹಾಳೆಯ ಮೇಲೆ ಬರೆಯುತ್ತಾನೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ; ಬೇನೆಯಿದ್ದವರ ಗುರುತಿಗೆ ಕಪ್ಪು ತುಂಬುತ್ತಾನೆ. ಹೆಳವನು ಬಿಟ್ಟ ಹೆಣ್ಣಿನ ಕಡೆಯ ಕವಲುಗಳಿಗೂ ಈ ಹಾಳೆಯಲ್ಲಿ ಸಮನಾದ ಸ್ಥಾನವುಂಟು. ಇಂಥ ಹಾಳೆಯನ್ನು ಬೇಡುವ ಬೇನೆಗಳಲ್ಲಿ ದವಡೆಯ ಕೆಲವು ಗಡ್ಡೆಗಳೂ ಸೇರಿವೆ.

ಭೀಮಾ ಮತ್ತು ಅಮರ್ಜಾ ನದಿಗಳ ದಂಡೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ಹೇಳಿದ ನನ್ನಂಥವರಿಗೆ, ಗಲ್ಲಕ್ಕೆ ಕರವಸ್ತ್ರ ಕಟ್ಟಿಕೊಂಡು ಕಡೆಯ ಸಾಲಿನಲ್ಲಿ ಕುಳಿತ ಹುಡುಗನ ಚಿತ್ರ ಹೊಸದಲ್ಲ. ಆ ಬಾವುಗಳಲ್ಲಿ ಬಹುಪಾಲು ಹುಳುಕು ಹಲ್ಲಿನ ಬೇರಿನಲ್ಲಿ ಕೀವು ತುಂಬಿದ್ದರಿಂದ ಆದವು. ಹಲ್ಲಿಗೆ ಚಿಕಿತ್ಸೆಯಾದರೆ ಅವು ಇಳಿಯುತ್ತವೆ. ಆದರೆ ನೋವಿಲ್ಲದೆ, ಜ್ವರವಿಲ್ಲದೆ, ತಿಂಗಳಿಂದ ತಿಂಗಳಿಗೆ ನಿಧಾನವಾಗಿ ಮುಖದ ಒಂದು ಪಕ್ಕವನ್ನು ಉಬ್ಬಿಸುತ್ತ ಬರುವ ಬಾವೊಂದುಂಟು. ಹಲ್ಲುಗಳು ಸಡಿಲಗೊಳ್ಳುತ್ತವೆ, ಸಾಲು ತಪ್ಪುತ್ತವೆ. ಹಲ್ಲು ಕೀಳಿಸಿದರೂ ಉಬ್ಬು ಇಳಿಯುವುದಿಲ್ಲ. ನೋವಿಲ್ಲದ ಕಾರಣದಿಂದಲೇ ಇದನ್ನು ಯಾರೂ ಲಕ್ಷಿಸುವುದಿಲ್ಲ. ಲಕ್ಷಿಸುವ ಹೊತ್ತಿಗೆ ಒಳಗಿನ ಎಲುಬು ಮೊಟ್ಟೆಯ ಓಡಿನಂತೆ ತೆಳ್ಳಗಾಗಿರುತ್ತದೆ. ಅನಂತರ ಮನೆಯವರು ಮಾತನಾಡಲು ತೊಡಗುತ್ತಾರೆ: ‘ಇದು ಇವರ ಮನೆತನಕ್ಕೇ ಬಂದದ್ದು, ಇವಳ ಅಜ್ಜಿಗೂ ಹೀಗೆಯೇ ಇತ್ತು.’ ಆ ಮಾತು ಒಮ್ಮೊಮ್ಮೆ ನಿಜ, ಹಲವು ಸಲ ಸುಳ್ಳು. ನಿಜವೂ ಸುಳ್ಳೂ ಯಾವಾಗ ಎಂಬುದನ್ನು ತಿಳಿಯದ ಕಾರಣ ಮಾತು ನಿಶ್ಚಯವಾದ ಮದುವೆಗಳು ಮುರಿದಿವೆ, ಬೇನೆಗಳು ಮುಚ್ಚಿಡಲ್ಪಟ್ಟಿವೆ.

ದೇಹದ ಬೇರಾವ ಎಲುಬಿನಲ್ಲಿಯೂ ಕಾಣದ ಗಡ್ಡೆಗಳು ದವಡೆಯಲ್ಲಿ ಕಾಣುವುದೇಕೆ? ಅದಕ್ಕೆ ಕಾರಣ ಹಲ್ಲು. ಮಗು ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ ಅದರ ಬಾಯಿಯ ಒಳಪದರದಿಂದ ಜೀವಕೋಶಗಳ ಸಣ್ಣ ಸಣ್ಣ ಮೊಗ್ಗುಗಳು ಎಲುಬಾಗಲಿರುವ ಭಾಗದೊಳಕ್ಕೆ ಇಳಿಯುತ್ತವೆ. ಅವುಗಳಿಂದಲೇ ಮೊದಲು ಇಪ್ಪತ್ತು ಹಾಲುಹಲ್ಲುಗಳೂ ಮುಂದೆ ಮೂವತ್ತೆರಡು ಸ್ಥಿರದಂತಗಳೂ ರೂಪುಗೊಳ್ಳುತ್ತವೆ. ಹಲ್ಲು ಮೂಡಿದ ಬಳಿಕ ಈ ಕೋಶಗಳಲ್ಲಿ ಹೆಚ್ಚಿನವು ಅಳಿದುಹೋಗುತ್ತವೆ. ಕೆಲವು ಮಾತ್ರ, ರಾಶಿ ಎತ್ತಿದ ಮೇಲೆಯೂ ಕಣದ ಬಿರುಕುಗಳಲ್ಲಿ ಉಳಿದ ಕಾಳುಗಳಂತೆ, ಎಲುಬಿನೊಳಗೆ ಅಲ್ಲಲ್ಲಿ ಉಳಿದುಕೊಳ್ಳುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಮಲಸ್ಸೆ ಎಂಬ ವಿಜ್ಞಾನಿ ಇವನ್ನು ವರ್ಣಿಸಿದನು. ಸಾಮಾನ್ಯವಾಗಿ ಇವು ಬಾಳಿನುದ್ದಕ್ಕೂ ನಿದ್ರಿಸುತ್ತವೆ. ಯಾವುದೋ ಕಾರಣದಿಂದ ಎಚ್ಚೆತ್ತರೆ ಗಡ್ಡೆಯಾಗಿ, ಇಲ್ಲವೆ ದ್ರವ ತುಂಬಿದ ಚೀಲವಾಗಿ ಬೆಳೆಯುತ್ತವೆ.

ಎಚ್ಚರಿಸುವ ಆ ಕಾರಣವು ಬಹುಮಟ್ಟಿಗೆ ವಂಶವಾಹಿಗಳಲ್ಲಿ, ಎಂದರೆ ಜೀನುಗಳಲ್ಲಿ ಇರುತ್ತದೆ. ನಮ್ಮ ಪ್ರತಿಯೊಂದು ಜೀವಕೋಶದಲ್ಲಿ ಇಪ್ಪತ್ಮೂರು ಜೊತೆ ವರ್ಣತಂತುಗಳಿವೆ. ಪ್ರತಿಯೊಂದು ಜೊತೆಯಲ್ಲಿ ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದದ್ದು. ಅವುಗಳಲ್ಲಿ ಸುಮಾರು ಮುನ್ನೂರು ಕೋಟಿ ರಾಸಾಯನಿಕ ಅಕ್ಷರಗಳಲ್ಲಿ ದೇಹರಚನೆಯ ಆದೇಶಗಳು ಬರೆಯಲ್ಪಟ್ಟಿವೆ. ಈ ಬರಹದಲ್ಲಿ ಒಂದು ಅಕ್ಷರ ಬದಲಾದರೂ ಕೆಲವೊಮ್ಮೆ ಆದೇಶದ ಅರ್ಥವೇ ಬದಲಾಗುತ್ತದೆ. ಆದರೆ ಆ ತಪ್ಪು ಎಲ್ಲಿ ನಡೆಯಿತು ಎಂಬುದು ಮುಖ್ಯ. ಹೊಲದಲ್ಲಿ ನಿಂತ ತೊಗರಿಯ ಒಂದು ಎಲೆಗೆ ಚುಕ್ಕೆ ಬಿದ್ದರೆ ಆ ಚುಕ್ಕೆ ಮುಂದಿನ ವರ್ಷದ ಬೆಳೆಗೆ ಬರುವುದಿಲ್ಲ. ದೋಷ ಬೀಜದಲ್ಲಿಯೇ ಇದ್ದರೆ ಆ ಬೀಜದಿಂದ ಎದ್ದ ಗಿಡದ ಪ್ರತಿಯೊಂದು ಎಲೆಯಲ್ಲಿಯೂ ಅದು ಇರುತ್ತದೆ. ಅದರ ಕಾಳುಗಳಿಗೂ ದಾಟಬಹುದು. ದವಡೆಯ ಗಡ್ಡೆಗಳಲ್ಲಿ ಎರಡು ಬಗೆಯವೂ ಉಂಟು.

ಎಲೆಯ ಚುಕ್ಕೆಯಂಥದು ಅಮೆಲೊಬ್ಲಾಸ್ಟೋಮಾ ಎಂಬ ಗಡ್ಡೆ. ಹಲ್ಲಿನ ಹೊಳಪಾದ ಹೊರಕವಚವನ್ನು ನಿರ್ಮಿಸುವ ಕೋಶಗಳನ್ನು ಹೋಲುವ ಕೋಶಗಳಿಂದ ಇದು ಬೆಳೆಯುತ್ತದೆ. ಹತ್ತರಲ್ಲಿ ಎಂಟು ಪಾಲು ಕೆಳದವಡೆಯಲ್ಲಿಯೇ ಕಾಣುತ್ತದೆ. ಸಾಮಾನ್ಯವಾಗಿ ದೂರದ ಅಂಗಗಳಿಗೆ ಹರಡದಿದ್ದರೂ ಇದ್ದಲ್ಲಿಯೇ ಎಲುಬನ್ನು ತಿನ್ನುತ್ತ ಸಾಗುತ್ತದೆ. ಕೆರೆದು ತೆಗೆದರೆ ಸಾಕೆಂದು ಬಿಟ್ಟರೆ ಮತ್ತೆ ಮರಳುತ್ತದೆ. ಈ ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಬಿ-ರಾಫ್ ಎಂಬ ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು 2014ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಬೆಳೆ ಎಂಬ ಆದೇಶವನ್ನು ಬೇಕಾದಾಗ ಮಾತ್ರ ಕೊಡಬೇಕಾದ ವಂಶವಾಹಿ, ಈ ಬದಲಾವಣೆಯಿಂದ, ಅದನ್ನು ಎಡೆಬಿಡದೆ ಕೊಡತೊಡಗುತ್ತದೆ. ಆದರೆ ಈ ಬದಲಾವಣೆ ಗಡ್ಡೆಯ ಕೋಶಗಳಲ್ಲಿ ಮಾತ್ರ ಇರುತ್ತದೆ. ರೋಗಿಯ ರಕ್ತದಲ್ಲಿ ಇಲ್ಲ, ಅವನ ಮಕ್ಕಳಿಗೆ ಹೋಗುವ ಬೀಜದಲ್ಲಿಯೂ ಇಲ್ಲ. ಹೀಗಿರುವಾಗ ಅಮೆಲೊಬ್ಲಾಸ್ಟೋಮಾ ಆದವನ ಮಗಳನ್ನು ಸೊಸೆಯಾಗಿ ತರಲು ಹಿಂಜರಿಯುವುದಕ್ಕೆ ವಿಜ್ಞಾನದ ಆಧಾರವಿಲ್ಲ.

ಬೀಜದ ದೋಷದ ಕಥೆ ಬೇರೆ. ಅದನ್ನು ತಿಳಿಯಲು ಕೆರಟೊಸಿಸ್ಟ್ ಎಂಬ ಚೀಲವನ್ನು ನೋಡಬೇಕು. ಇದೂ ಹಲ್ಲಿನ ಮೊಗ್ಗಿನ ಉಳಿಕೆಗಳಿಂದಲೇ ಹುಟ್ಟುತ್ತದೆ, ಗಡ್ಡೆಯಂತೆ ಹಟಮಾರಿ. ಇದನ್ನು ಗಡ್ಡೆಯೆನ್ನಬೇಕೆ, ಚೀಲವೆನ್ನಬೇಕೆ ಎಂಬ ವಿಷಯದಲ್ಲಿ ಪಂಡಿತರಿಗೇ ಒಮ್ಮತವಿರಲಿಲ್ಲ: ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ 2005ರಲ್ಲಿ ಗಡ್ಡೆಗಳ ಪಟ್ಟಿಗೆ ಸೇರಿದ ಇದು 2017ರಲ್ಲಿ ಮತ್ತೆ ಚೀಲಗಳ ಪಟ್ಟಿಗೆ ಮರಳಿತು. ಹೆಸರು ಬದಲಾದ ಮಾತ್ರಕ್ಕೆ ಬೇನೆಯ ಸ್ವಭಾವ ಬದಲಾಗಲಿಲ್ಲವೆನ್ನಿ. ಒಬ್ಬನಿಗೆ ಒಂದೇ ಚೀಲವಾದರೆ ಅದು ಹೆಚ್ಚಾಗಿ ಅವನೊಬ್ಬನ ಪಾಡು. ಆದರೆ ಹದಿಹರೆಯದಲ್ಲಿಯೇ ಮೇಲಿನ ದವಡೆಯಲ್ಲೊಂದು, ಕೆಳಗಿನದರಲ್ಲೆರಡು, ತೆಗೆದ ಮೇಲೆ ಮತ್ತೊಂದು ಕಡೆ ಇನ್ನೊಂದು, ಹೀಗೆ ಹಲವು ಚೀಲಗಳು ಕಾಣಿಸಿಕೊಂಡರೆ ವೈದ್ಯನು ಹೆಳವನಾಗಬೇಕು. 1960ರಲ್ಲಿ ಅಮೆರಿಕೆಯ ರಾಬರ್ಟ್ ಗಾರ್ಲಿನ್ ಮತ್ತು ರಾಬರ್ಟ್ ಗೋಲ್ಟ್ಸ್ ಎಂಬ ಇಬ್ಬರು ವೈದ್ಯರು, ದವಡೆಯ ಚೀಲಗಳು, ಚರ್ಮದ ಒಂದು ಬಗೆಯ ಕ್ಯಾನ್ಸರು ಮತ್ತು ಪಕ್ಕೆಲುಬುಗಳ ಕವಲು ಒಂದೇ ಬೇನೆಯ ಬೇರೆ ಬೇರೆ ಮುಖಗಳೆಂದು ತೋರಿಸಿದರು. ಅಂಗೈ ಅಂಗಾಲುಗಳಲ್ಲಿ ಗುಂಡುಸೂಜಿ ಚುಚ್ಚಿದಂತೆ ಕಾಣುವ ಚಿಕ್ಕ ಕುಳಿಗಳು, ಅಗಲವಾದ ಹಣೆ ಇವೂ ಇದರ ಗುರುತುಗಳು. ನಮ್ಮ ಜನರ ಕಪ್ಪು ಚರ್ಮದಲ್ಲಿ ಆ ಚರ್ಮದ ಕ್ಯಾನ್ಸರು ಬಿಳಿಯರಲ್ಲಿರುವಷ್ಟು ಕಾಣುವುದಿಲ್ಲ. ಆದ್ದರಿಂದ ಇಲ್ಲಿ ಈ ಬೇನೆಯನ್ನು ಮೊದಲು ಗುರುತಿಸುವ ಅವಕಾಶ ಹಲ್ಲಿನ ವೈದ್ಯನಿಗೇ ದೊರೆಯುವುದುಂಟು.

ಈ ಬೇನೆಯ ಮೂಲ ಸಿಕ್ಕಿದ್ದು ಒಂದು ನೊಣದ ನೆರವಿನಿಂದ ಎಂದರೆ ಆಶ್ಚರ್ಯವಾಗಬಹುದು. ಜರ್ಮನಿಯಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಎಂಬ ವಿದುಷಿ ಮತ್ತು ಎರಿಕ್ ವೀಶೌಸ್ ಎಂಬ ಅವಳ ಸಹೋದ್ಯೋಗಿ, ಮಾಗಿದ ಹಣ್ಣಿನ ಮೇಲೆ ಹಾರಾಡುವ ಚಿಕ್ಕ ನೊಣದ ಮರಿಗಳ ಅಂಗರಚನೆ ಕೆಡುವುದು ಹೇಗೆಂದು ಸಾವಿರಾರು ಮರಿಗಳನ್ನು ಪರೀಕ್ಷಿಸಿ, 1980ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅವರು ಕಂಡುಕೊಂಡ ವಂಶವಾಹಿಗಳಲ್ಲಿ ಒಂದಕ್ಕೆ ಪ್ಯಾಚ್ಡ್ ಎಂದು ಹೆಸರಿಟ್ಟರು. 1995ರಲ್ಲಿ ಆ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಮರುವರ್ಷವೇ ಗಾರ್ಲಿನ್ ಬೇನೆಯುಳ್ಳ ಕುಟುಂಬಗಳಲ್ಲಿ ಕೆಟ್ಟಿರುವುದು ಮಾನವನ ಒಂಬತ್ತನೆಯ ವರ್ಣತಂತುವಿನ ಮೇಲಿರುವ ಅದೇ ಪ್ಯಾಚ್ಡ್ ಎಂದು ತಿಳಿಯಿತು. ನೊಣದ ಮರಿಯಲ್ಲಿ ಅಂಗಗಳ ಗಡಿಯನ್ನು ಕಾಯುವ ವಂಶವಾಹಿ ಮನುಷ್ಯನಲ್ಲಿ ಕೋಶಗಳ ಬೆಳವಣಿಗೆಗೆ ಕಡಿವಾಣವಾಗಿದೆ.

ಹಾಗಾದರೆ ಎಲ್ಲ ಕೋಶಗಳಲ್ಲಿಯೂ ದೋಷವಿರುವ ಮನುಷ್ಯನಿಗೆ ಮೈಯೆಲ್ಲ ಗಡ್ಡೆಯಾಗಬೇಕಲ್ಲವೆ? ಇದಕ್ಕೆ ಉತ್ತರವನ್ನು ಆಲ್ಫ್ರೆಡ್ ನುಡ್ಸನ್ ಎಂಬ ವೈದ್ಯನು 1971ರಲ್ಲಿ, ಮಕ್ಕಳ ಕಣ್ಣಿನ ಕ್ಯಾನ್ಸರನ್ನು ಕುರಿತು ಯೋಚಿಸುತ್ತ, ಕಂಡುಕೊಂಡನು. ತುಡುಗು ಎತ್ತನ್ನು ಎರಡು ಹಗ್ಗಗಳಿಂದ ಗೂಟಕ್ಕೆ ಕಟ್ಟಿದೆಯೆಂದು ತಿಳಿಯೋಣ. ಒಂದು ಹಗ್ಗ ಹರಿದರೂ ಎತ್ತು ನಿಲ್ಲುತ್ತದೆ. ಸಾಮಾನ್ಯ ಮನುಷ್ಯನ ಕೋಶದಲ್ಲಿ ಎರಡೂ ಹಗ್ಗಗಳು ಗಟ್ಟಿ. ಒಂದೇ ಕೋಶದಲ್ಲಿ ಎರಡೂ ಹರಿಯುವುದು ಬಹಳ ಅಪರೂಪ. ದೋಷವನ್ನು ಪಡೆದು ಹುಟ್ಟಿದವನ ಪ್ರತಿಯೊಂದು ಕೋಶದಲ್ಲಿ ಒಂದು ಹಗ್ಗ ಮೊದಲೇ ಇಲ್ಲ. ಕೋಟ್ಯಂತರ ಕೋಶಗಳಲ್ಲಿ ಎಲ್ಲಿ ಎರಡನೆಯ ಹಗ್ಗ ಹರಿಯುತ್ತದೆಯೋ ಅಲ್ಲಿ ಗಡ್ಡೆ ಏಳುತ್ತದೆ. ವಂಶದಿಂದ ಬಂದುದು ಗಡ್ಡೆಯಲ್ಲ, ಗಡ್ಡೆಯಾಗುವ ಸಂಭವ. ಅಂಥವರಲ್ಲಿ ಗಡ್ಡೆ ಚಿಕ್ಕ ವಯಸ್ಸಿನಲ್ಲಿ ಬರುವುದೇಕೆ, ಒಂದಕ್ಕಿಂತ ಹೆಚ್ಚು ಏಳುವುದೇಕೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಇವರಿಗೆ ಕ್ಷಕಿರಣ ಚಿಕಿತ್ಸೆಯನ್ನು ಆದಷ್ಟು ತಪ್ಪಿಸಬೇಕೆಂದು ವೈದ್ಯರು ಹೇಳುವುದು ಆ ಕಿರಣಗಳು ಉಳಿದ ಹಗ್ಗವನ್ನು ಹರಿಯಬಲ್ಲವೆಂಬ ಕಾರಣದಿಂದ.

ಬೀಜದ ದೋಷಗಳಲ್ಲಿ ಇನ್ನೊಂದು, ಮಕ್ಕಳಿಗೆ ಬರುವ ಚೆರುಬಿಸಂ. 1933ರಲ್ಲಿ ಜೋನ್ಸ್ ಎಂಬ ವೈದ್ಯನು ಕೆನಡಾದ ಒಂದೇ ಮನೆಯ ಮೂವರು ಮಕ್ಕಳಲ್ಲಿ ಇದನ್ನು ಕಂಡು ವರ್ಣಿಸಿದನು. ಎರಡರಿಂದ ಏಳು ವರ್ಷದೊಳಗೆ ಎರಡೂ ಕಡೆಯ ದವಡೆಗಳು ಉಬ್ಬತೊಡಗುತ್ತವೆ. ಕಣ್ಣುಗಳು ಮೇಲಕ್ಕೆ ನೋಡುತ್ತಿರುವಂತೆ ತೋರುತ್ತವೆ. ಪಾಶ್ಚಾತ್ಯ ಚಿತ್ರಕಾರರು ಬರೆದ ದುಂಡು ಗಲ್ಲದ ದೇವಶಿಶುಗಳನ್ನು ನೆನೆದು ಈ ಹೆಸರನ್ನಿಟ್ಟರು. ಶಾಲೆಯ ಮಕ್ಕಳು ಇಡುವ ಹೆಸರುಗಳು ಅಷ್ಟು ಸೌಮ್ಯವಾಗಿರುವುದಿಲ್ಲವೆಂಬುದು ಉಪಾಧ್ಯಾಯರಾದವರಿಗೆ ಗೊತ್ತು. ನಾಲ್ಕನೆಯ ವರ್ಣತಂತುವಿನ ಮೇಲಿರುವ ಇದರ ವಂಶವಾಹಿಯು 2001ರಲ್ಲಿ ಗೊತ್ತಾಯಿತು. ವಿಚಿತ್ರವೆಂದರೆ ಹರೆಯ ಕಳೆದ ಮೇಲೆ ಈ ಉಬ್ಬು ಹೆಚ್ಚಿನವರಲ್ಲಿ ತಾನಾಗಿ ಇಳಿಯತೊಡಗುತ್ತದೆ. ಬಾಲ್ಯದಲ್ಲಿ ಅವಸರಪಟ್ಟು ಕತ್ತರಿ ಹಾಕಬೇಕಾದ ಪ್ರಸಂಗಗಳು ಕಡಮೆ. ಮನೆಯ ಹಿರಿಯನೊಬ್ಬನ ಬಾಲ್ಯದ ಹಳೆಯ ಭಾವಚಿತ್ರವನ್ನು ಹುಡುಕಿ ತೆಗೆದರೆ, ಅದರಲ್ಲಿಯೂ ಅದೇ ದುಂಡು ಮುಖ ಕಂಡು, ಮಗುವಿನ ಮುಂದಿನ ಗತಿಯ ವಿಷಯದಲ್ಲಿ ತಾಯಿಗೆ ಧೈರ್ಯ ಬರಬಹುದು.

ಕೆಲವು ಮನೆತನಗಳಲ್ಲಿ ದವಡೆಯ ಗಡ್ಡೆಯು ದೂತನ ಕೆಲಸ ಮಾಡುತ್ತದೆ. ಅಮೆರಿಕೆಯ ಎಲ್ಡನ್ ಗಾರ್ಡನರ್ ಎಂಬವನು ಐವತ್ತರ ದಶಕದ ಆದಿಯಲ್ಲಿ ಒಂದು ದೊಡ್ಡ ಕುಟುಂಬವನ್ನು ಅಭ್ಯಸಿಸಿ, ದವಡೆಯಲ್ಲಿ ಮತ್ತು ತಲೆಬುರುಡೆಯಲ್ಲಿ ಏಳುವ ಗಟ್ಟಿಯಾದ ಎಲುಬಿನ ಗಂಟುಗಳಿಗೂ ದೊಡ್ಡ ಕರುಳಿನ ಕ್ಯಾನ್ಸರಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟನು. ಇಲ್ಲಿ ಕೆಟ್ಟಿರುವುದು ಎ.ಪಿ.ಸಿ. ಎಂಬ ವಂಶವಾಹಿ, ಅದು 1991ರಲ್ಲಿ ಗೊತ್ತಾಯಿತು. ಎಲುಬಿನ ಗಂಟಿನಿಂದ ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಇಂಥವರ ಕರುಳಿನ ಒಳಗೋಡೆಯಲ್ಲಿ ನೂರಾರು ಗುಳ್ಳೆಗಳು ಏಳುತ್ತವೆ. ಚಿಕಿತ್ಸೆಯಾಗದಿದ್ದರೆ ಅವುಗಳಲ್ಲಿ ಒಂದಾದರೂ ಮುಂದೆ ಕ್ಯಾನ್ಸರಾಗುವುದು ಬಹುತೇಕ ನಿಶ್ಚಿತ. ಗಂಟುಗಳು ಕರುಳಿನ ತೊಂದರೆಗಿಂತ ಎಷ್ಟೋ ವರ್ಷ ಮುಂಚೆಯೇ ಕಾಣಿಸಿಕೊಳ್ಳಬಹುದು. ಹಲ್ಲಿನ ಎಕ್ಸ್-ರೇಯಲ್ಲಿ ಇಂಥ ಹಲವು ಗಂಟುಗಳನ್ನು ಕಂಡ ವೈದ್ಯನು ‘ನಿಮ್ಮ ಮನೆಯಲ್ಲಿ ಕರುಳಿನ ಬೇನೆಯಿಂದ ಯಾರಾದರೂ ತೀರಿಕೊಂಡರೆ?’ ಎಂದು ಕೇಳಿದರೆ ರೋಗಿ ನಗಬಾರದು. ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಗಡ್ಡೆಯೊಡನೆ ದವಡೆಯ ಗಡ್ಡೆಯೂ ಕೂಡಿಬರುವ ಇನ್ನೊಂದು ವಂಶಾನುಗತ ಬೇನೆಯುಂಟು. ಅದರಲ್ಲಿ ರಕ್ತದ ಸುಣ್ಣದ ಅಂಶ ಏರಿ ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವುದರಿಂದ, ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ.

ಕಲಬುರಗಿ ಸೀಮೆಯಲ್ಲಿ ಇಂಥ ವಿಷಯವೆತ್ತಿದೊಡನೆ ಜನರು ಸಂಬಂಧದೊಳಗಿನ ಮದುವೆಯ ಮಾತನ್ನು ತೆಗೆಯುತ್ತಾರೆ. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವುದು ಇಲ್ಲಿ ಹಳೆಯ ರೂಢಿ; ಈ ರೂಢಿ ಕರ್ನಾಟಕದ ಉದ್ದಗಲಕ್ಕೂ ಇದೆ. ಬೆಂಗಳೂರು ಮತ್ತು ಮೈಸೂರುಗಳಲ್ಲಿ 1980ರಿಂದ 1989ರವರೆಗೆ ನವಜಾತ ಶಿಶುಗಳ ರಕ್ತಪರೀಕ್ಷೆಯೊಂದಿಗೆ ನಡೆದ, ಒಂದು ಲಕ್ಷಕ್ಕೂ ಮಿಕ್ಕಿದ ದಂಪತಿಗಳನ್ನು ಕುರಿತ ಅಧ್ಯಯನದಲ್ಲಿ, ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದಲ್ಲಿಯೇ ಆಗಿತ್ತು. ಈ ರೂಢಿಯಿಂದ ಹೆಚ್ಚುವ ಬೇನೆಗಳು ನಿಜವಾಗಿಯೂ ಇವೆ. ಒಂದು ವಂಶವಾಹಿಯ ಎರಡು ಪ್ರತಿಗಳೂ ಕೆಟ್ಟಾಗ ಮಾತ್ರ ತೋರುವ ದುರ್ಬಲ ದೋಷಗಳು ಒಂದೇ ಅಜ್ಜನಿಂದ ಗಂಡನಿಗೂ ಹೆಂಡತಿಗೂ ಇಳಿದು, ಮಗುವಿನಲ್ಲಿ ಒಂದುಗೂಡುತ್ತವೆ. ಆದರೆ ಮೇಲೆ ಹೇಳಿದ ದವಡೆಯ ಬೇನೆಗಳು ಆ ಜಾತಿಯವಲ್ಲ. ಇವು ಪ್ರಬಲ ದೋಷಗಳು. ತಂದೆಯಿಂದಾಗಲಿ ತಾಯಿಯಿಂದಾಗಲಿ ಒಂದು ಪ್ರತಿ ಬಂದರೆ ಸಾಕು. ದೂರದ ಬೀದರಿನಿಂದ ಸೊಸೆ ತಂದರೂ, ಪಕ್ಕದ ಮನೆಯ ಸೋದರತ್ತೆಯ ಮಗಳನ್ನೇ ತಂದರೂ, ದೋಷವುಳ್ಳ ಗಂಡನ ಪ್ರತಿಯೊಂದು ಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ. ಅರ್ಧವೆಂದರೆ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಬಂದೇ ಬರುವುದೆಂದು ತಿಳಿಯಬಾರದು. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಎರಡು ಸಲವೂ ರಾಜಮುಖ ಬೀಳಬಹುದು, ಒಮ್ಮೆಯೂ ಬೀಳದಿರಬಹುದು. ಇನ್ನು ಕೆಲವರಲ್ಲಿ ದೋಷವು ತಂದೆತಾಯಿಗಳಿಬ್ಬರಲ್ಲಿಯೂ ಇಲ್ಲದೆ, ಆ ಮಗುವಿನಿಂದಲೇ ಹೊಸದಾಗಿ ಆರಂಭವಾಗುತ್ತದೆ. ಇಷ್ಟೆಲ್ಲ ತಿಳಿದಿರದ ಮನೆಗಳಲ್ಲಿ ಅಪವಾದವು ಸೊಸೆಯ ತಲೆಯ ಮೇಲೆ ಬೀಳುತ್ತದೆ. ದೋಷ ಗಂಡನ ಕಡೆಯಿಂದ ಬಂದಿದ್ದರೂ ‘ಇವಳ ತವರಿನದು’ ಎಂಬ ಮಾತು ಅವಳನ್ನು ಬಿಡುವುದಿಲ್ಲ. ಕಪ್ಪು ತುಂಬಿದ ಚೌಕವೂ ವೃತ್ತವೂ ಎಲ್ಲಿವೆಯೆಂದು ತೋರಿಸುವ ಆ ಹಾಳೆಯು ಎಷ್ಟೋ ಮನೆಗಳಲ್ಲಿ ಇಂಥ ಆರೋಪವನ್ನು ಒಂದು ಗಳಿಗೆಯಲ್ಲಿ ತೊಡೆದುಹಾಕಬಲ್ಲದು.

ಇಷ್ಟು ಹೊತ್ತು ಅಪರೂಪದ ಬೇನೆಗಳ ಮಾತಾಯಿತು. ಈ ಮೂರು ತಾಲ್ಲೂಕುಗಳ ದವಡೆಗಳಿಗೆ ಇವೆಲ್ಲಕ್ಕಿಂತ ದೊಡ್ಡ ಶತ್ರು ಜೇಬಿನಲ್ಲಿಯೇ ಇದೆ. ತಂಬಾಕಿಗೆ ಸುಣ್ಣ ತಿಕ್ಕಿ ಕೆಳದುಟಿಯ ಹಿಂದೆಯೋ ಗಲ್ಲದ ಸಂದಿಯಲ್ಲಿಯೋ ಇಟ್ಟುಕೊಳ್ಳುವವರಲ್ಲಿ ಕ್ಯಾನ್ಸರು ಆ ಸಂದಿಯಲ್ಲಿಯೇ ಹುಟ್ಟಿ, ಒಸಡನ್ನು ದಾಟಿ ದವಡೆಯ ಎಲುಬಿಗೆ ಇಳಿಯುತ್ತದೆ. ಭಾರತದಲ್ಲಿ ಇದು ಎಷ್ಟು ಹೆಚ್ಚೆಂದರೆ, ಜಗತ್ತಿನ ಹಲವು ದೇಶಗಳು ಒಂದೊಂದು ಕ್ಯಾನ್ಸರಿನ ವಂಶವಾಹಿಗಳನ್ನು ಓದುವ ಹೊಣೆಯನ್ನು ಹಂಚಿಕೊಂಡಾಗ ನಮ್ಮ ದೇಶವು ಆರಿಸಿಕೊಂಡದ್ದು ಒಸಡು ಮತ್ತು ಗಲ್ಲದ ಈ ಕ್ಯಾನ್ಸರನ್ನು. ಅದರ ಫಲಿತಾಂಶಗಳು 2013ರಲ್ಲಿ ಪ್ರಕಟವಾದವು. ಅದೇ ವರ್ಷ ಕರ್ನಾಟಕ ಸರಕಾರವು ಗುಟ್ಕಾವನ್ನು ನಿಷೇಧಿಸಿತು. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ಸಾರಿತ್ತು.

‘ನಮ್ಮ ಅಜ್ಜ ತೊಂಬತ್ತು ವರ್ಷ ತಂಬಾಕು ಜಗಿದ, ಅವನಿಗೇನೂ ಆಗಲಿಲ್ಲ’ ಎಂಬ ವಾದವನ್ನು ಕಟ್ಟೆಯ ಮೇಲೆ ಕೇಳದವರಿಲ್ಲ. ಅಜ್ಜನಿಗೆ ಆಗದಿದ್ದುದರಲ್ಲಿ ಅದೃಷ್ಟದೊಡನೆ ವಂಶವಾಹಿಗಳ ಪಾಲೂ ಇರಬಹುದು. ತಂಬಾಕಿನ ವಿಷವನ್ನು ತಟಸ್ಥಗೊಳಿಸಿ ಹೊರಗೆ ಹಾಕುವ ಕೆಲಸಕ್ಕೆ ದೇಹದಲ್ಲಿ ಕೆಲವು ಕಿಣ್ವಗಳಿವೆ. ಅವುಗಳಲ್ಲಿ ಒಂದನ್ನು ತಯಾರಿಸುವ ಜಿ.ಎಸ್.ಟಿ.ಎಂ.-1 ಎಂಬ ವಂಶವಾಹಿಯು ಅನೇಕರಲ್ಲಿ ಹುಟ್ಟಿನಿಂದಲೇ ಪೂರ್ತಿಯಾಗಿ ಇರುವುದಿಲ್ಲ. ಅಂಥವರಿಗೆ ತಂಬಾಕಿನಿಂದ ಬಾಯಿಯ ಕ್ಯಾನ್ಸರಾಗುವ ಸಂಭವ ಉಳಿದವರಿಗಿಂತ ಸ್ವಲ್ಪ ಹೆಚ್ಚೆಂದು ಭಾರತದ ಹಲವು ಅಧ್ಯಯನಗಳು ತೋರಿಸಿವೆ. ಈ ಬಗೆಯ ರೂಪಭೇದಗಳು ಗಾರ್ಲಿನ್ ಬೇನೆಯ ದೋಷದಂತೆ ತಾವೇ ಗಡ್ಡೆಯನ್ನು ಎಬ್ಬಿಸುವಷ್ಟು ಬಲವುಳ್ಳವಲ್ಲ. ತಂಬಾಕು ಸೋಕದ ಬಾಯಿಯಲ್ಲಿ ಅವುಗಳ ಕೊರತೆಯಿಂದ ಆಗುವ ಹಾನಿ ಅತ್ಯಲ್ಪ.

ಇದನ್ನು ಕಲಬುರಗಿಯ ರೈತನಿಗೆ ವಿವರಿಸುವುದು ಕಷ್ಟವಲ್ಲ. ತೊಗರಿಗೆ ಬರುವ ನೆಟೆ ರೋಗದ ಶಿಲೀಂಧ್ರವು ಮಣ್ಣಿನಲ್ಲಿ ಇರುತ್ತದೆ. 1986ರಲ್ಲಿ ಮಾರುತಿ ಎಂಬ ತಳಿಯನ್ನು ಕರ್ನಾಟಕದಲ್ಲಿ ಬಿಡುಗಡೆ ಮಾಡಿದಾಗ, ರೋಗದ ಮಣ್ಣಿನಲ್ಲಿ ಹಳೆಯ ತಳಿಗಳು ಒಣಗಿ ನಿಂತಲ್ಲಿ ಅದು ಹಸುರಾಗಿ ನಿಂತುದನ್ನು ಈ ಜಿಲ್ಲೆಯ ರೈತರು ಕಣ್ಣಾರೆ ಕಂಡರು. ಶಿಲೀಂಧ್ರವೇ ಇಲ್ಲದ ಹೊಲದಲ್ಲಿ ಎರಡು ತಳಿಗಳೂ ಹಸುರಾಗಿಯೇ ನಿಲ್ಲುತ್ತಿದ್ದವು. ಬೀಜದ ಬಲ ಗೊತ್ತಾಗುವುದು ಮಣ್ಣಿನಲ್ಲಿ ರೋಗವಿದ್ದಾಗ. ಅಜ್ಜನು ಯಾವ ತಳಿಯೋ, ಮೊಮ್ಮಗನಿಗೆ ಗೊತ್ತಿಲ್ಲ. ಅಜ್ಜನ ವಂಶವಾಹಿಗಳಲ್ಲಿ ಕಾಲು ಪಾಲು ಮಾತ್ರ ಮೊಮ್ಮಗನಿಗೆ ಬಂದಿರುತ್ತದೆ; ಆ ಕಾಲು ಪಾಲಿನಲ್ಲಿ ಅಜ್ಜನನ್ನು ಕಾಪಾಡಿದ ವಂಶವಾಹಿ ಇತ್ತೆಂದು ನಂಬಿ ತಂಬಾಕು ತಿಕ್ಕುವುದು ಬೀಜದ ಚೀಲದ ಮೇಲಿನ ಹೆಸರನ್ನು ಓದದೆ ಬಿತ್ತಿದಂತೆ.

ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣನ್ನೂ, ಹಲ್ಲು ಕಿತ್ತರೂ ಇಳಿಯದ ಬಾವನ್ನೂ ತೋರಿಸಲು ಈ ತಾಲ್ಲೂಕುಗಳವರು ಬಹಳ ದೂರ ಹೋಗಬೇಕಾಗಿಲ್ಲ. ಕಲಬುರಗಿಯಲ್ಲಿ ದಂತವೈದ್ಯ ಕಾಲೇಜುಗಳಿವೆ, ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವಿದೆ. ಗಡಿಯ ಊರುಗಳವರಿಗೆ ಸೊಲ್ಲಾಪುರವೂ ಹತ್ತಿರ. ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್-ರೇಯನ್ನು ಕೆಲವು ನಿಮಿಷಗಳಲ್ಲಿ ತೆಗೆಯುತ್ತಾರೆ. ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದ ಮೇಲೆ ಅದು ಯಾವ ಜಾತಿಯದೆಂಬುದು ನಿಶ್ಚಯವಾಗುತ್ತದೆ. ವಂಶದ ಸಂದೇಹ ಬಂದರೆ ರಕ್ತದಿಂದ ವಂಶವಾಹಿಯನ್ನು ಓದಿಸಬಹುದು. ಬೆಂಗಳೂರಿನಲ್ಲಿ ಅದಕ್ಕೆಂದೇ ಸಂಸ್ಥೆಗಳಿವೆ.

ಓದಿಸುವ ಕ್ರಮದಲ್ಲಿಯೂ ಒಂದು ಜಾಣತನವುಂಟು. ಮೊದಲು ಬೇನೆಯಿರುವವರ ರಕ್ತದಲ್ಲಿ ದೋಷ ಯಾವ ಅಕ್ಷರದಲ್ಲಿದೆಯೆಂದು ಹುಡುಕುತ್ತಾರೆ. ಅದು ಸಿಕ್ಕರೆ ಮನೆಯ ಉಳಿದವರಲ್ಲಿ ಅದೊಂದನ್ನೇ ನೋಡಿದರೆ ಸಾಕು, ಖರ್ಚೂ ಕಡಮೆ. ದೋಷವಿರುವ ಮಗುವಿಗೆ ಹಲ್ಲು ಬದಲಾಗುವ ವಯಸ್ಸಿನಿಂದ ಕಾಲಕಾಲಕ್ಕೆ ದವಡೆಯ ಪರೀಕ್ಷೆ ಮಾಡಿಸುತ್ತ ಬಂದರೆ, ಚೀಲವು ಕಡಲೆಯಷ್ಟಿರುವಾಗಲೇ ಸಿಕ್ಕಿಬೀಳುತ್ತದೆ. ದವಡೆಯ ಎಲುಬನ್ನು ಕತ್ತರಿಸುವ ಹೊತ್ತು ಬರುವುದಿಲ್ಲ. ಅದೇ ಮನೆಯಲ್ಲಿ, ಅದೇ ಮುಖದ ಹೋಲಿಕೆಯೊಡನೆ ಬೆಳೆಯುತ್ತಿರುವ ತಮ್ಮನ ರಕ್ತದಲ್ಲಿ ಆ ದೋಷವು ಇಲ್ಲವೆಂದು ತಿಳಿದುಬಂದರೆ, ಅವನಿಗೆ ಆ ಪರೀಕ್ಷೆಗಳ ಅಗತ್ಯವೇ ಇಲ್ಲ. ಅವನ ಮಕ್ಕಳಿಗೂ ಇಲ್ಲ.